ಹೆಂಚಿನ ಮೇಲಿನ ಹಲ್ಲು

ನನ್ನ ಮುಂದಿನ ಹಲ್ಲು ವಯಸ್ಸಾಗಿ ಬಿದ್ದದ್ದಲ್ಲ, ಹುಳುಕಾಗಿಯೂ ಬಿದ್ದದ್ದಲ್ಲ. ಬೀಳಿಸಿದ್ದು ನನ್ನದೇ ಅಂಗಡಿಯ ಶಟರ್ರು. ಹೊಸನಗರದಲ್ಲಿ ನಮ್ಮ ಮನೆಯ ರಸ್ತೆ ಬದಿಯ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು, ಆ ಬಾಗಿಲಲ್ಲಿ ಒಂದು ಮಣೆ, ಮಣೆಯ ಮೇಲೆ ನಮ್ಮ ಅತ್ತೆ. ಶಟರ್ರಿಗೆ ಎಣ್ಣೆ ಬಿಡಿ ಎಂದು ನಮ್ಮವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ಮುಚ್ಚುವಾಗ ಶಟರ್ರು ಅರ್ಧದಲ್ಲಿ ಹಟ ಹಿಡಿಯಿತು. ನಾನೂ ಹಟಮಾರಿಯೇ. ಕೊಕ್ಕೆಯ ಕೋಲು ಹಾಕಿ ಜೋತುಬಿದ್ದು ಎಳೆದೆ. ಕೊಕ್ಕೆ ಜಾರಿತು, ಕೋಲು ಬಂದು ಬಾಯಿಗೆ ಬಡಿಯಿತು. ನೋವು ಗೊತ್ತಾಗುವ ಮೊದಲೇ ಜಗಲಿಯ ಮೇಲೆ ಏನೋ ಬಿದ್ದು ಉರುಳಿದ ಸದ್ದು ಕೇಳಿತು.

ಅತ್ತೆ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಬೇರು ಸಮೇತ ಬಂದಿದೆ ಕಣೆ. ಚೂರೂ ಮುರಿದಿಲ್ಲ," ಎಂದರು, ಹಲಸಿನ ಬೀಜ ನೋಡಿದವರ ಹಾಗೆ.

ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ನಾನು ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದಿಲ್ಲ, ಹಾಗೆಂದು ಬೈದದ್ದೂ ಕಡಿಮೆಯೇ. ದಿನವೂ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುವವರ ಪರಿಚಯ ಇರುತ್ತದಲ್ಲ, ನಮ್ಮದು ಅಂಥದ್ದು. ಜಾಗ ಬಿಡುತ್ತಿದ್ದೆವು, ಮೈ ತಾಗಿಸುತ್ತಿರಲಿಲ್ಲ. ಆವತ್ತು ಮಾತ್ರ ಅವರು ತಮ್ಮ ಸೆರಗಿನಿಂದಲೇ ನನ್ನ ಬಾಯಿ ಒತ್ತಿ ಹಿಡಿದು, ಅರಿಶಿನ ಮೆತ್ತಿ, ನನ್ನನ್ನು ಮಣೆಯ ಮೇಲೆ ಕೂರಿಸಿದರು. ಆ ಮಣೆಯ ಮೇಲೆ ನಾನು ಕೂತದ್ದು ಅದೇ ಮೊದಲು. ಆಮೇಲೆ ರಸ್ತೆಗಿಳಿದು, ಓಡಾಡುವ ಹಸುಗಳ ಕೃಪೆಯಿಂದ ಒಂದು ಉಂಡೆ ಸಗಣಿ, ಚರಂಡಿಯ ಅಂಚಿನಿಂದ ಎರಡು ಎಸಳು ಗರಿಕೆ ತಂದರು. ನನಗೆ ಅರ್ಥವಾಗಲಿಲ್ಲ. ಹಿತ್ತಿಲ ಕಡೆ ಹೋದರು. "ಹಳೇದು ತಗೊ, ಹೊಸದು ಕೊಡು" ಎಂದು ಅವರು ಯಾರಿಗೋ ಹೇಳುವುದು ಕೇಳಿತು. ಹಿಂದೆಯೇ ಹೆಂಚಿನ ಮೇಲೆ ಟಕ್ ಎಂದಿತು.

ನಮ್ಮ ಕಡೆ ಮಕ್ಕಳ ಹಾಲು ಹಲ್ಲು ಬಿದ್ದರೆ ಹೀಗೆಯೇ ಮಾಡುವುದು. ಸಗಣಿಯಲ್ಲಿ ಹುದುಗಿಸಿ, ಗರಿಕೆ ಸಿಕ್ಕಿಸಿ, ಮಾಡಿನ ಮೇಲೆಸೆದು ಕಾಗೆಗೋ ಅಳಿಲಿಗೋ ಅರ್ಜಿ ಹಾಕುವುದು. ಐವತ್ತು ದಾಟಿದ ಸೊಸೆಯ ಹಲ್ಲನ್ನು ಹೀಗೆ ಎಸೆದವರು ತಾಲ್ಲೂಕಿನಲ್ಲೇ ಇವರೊಬ್ಬರು ಇರಬೇಕು. ಒಳಗೆ ಬಂದು ಕೈ ತೊಳೆದುಕೊಂಡು, "ಆಯ್ತು, ಎಸೆದೆ," ಎಂದರು. ಬಾಯಲ್ಲಿ ರಕ್ತ ತುಂಬಿದ್ದರೂ ನನಗೆ ನಗು ಬಂತು. ಸುಳ್ಳು ಹೇಳುವುದಿಲ್ಲ, ನನ್ನ ತವರಲ್ಲಿ ಕೂಡ ನನ್ನ ಹಲ್ಲಿಗೆ ಅಷ್ಟು ಉಪಚಾರ ನಡೆದ ನೆನಪಿಲ್ಲ.

ನಮ್ಮವರು ರಿಪ್ಪನ್‌ಪೇಟೆಯಿಂದ ಬಂದು, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು. ಅಡಿಕೆ ಜಗಿಯಬೇಡಿ ಎಂಬ ದೊಡ್ಡ ಪೋಸ್ಟರಿನ ಕೆಳಗೆ ಕೂತಿದ್ದರು. ಅವರ ಮನೆಯವರದ್ದು ದೊಡ್ಡ ಅಡಿಕೆ ತೋಟ. ನಾವು ಜಗಿದ ಅಡಿಕೆಯ ದುಡ್ಡಿನಲ್ಲಿ ಓದಿ ಬಂದು ನಮಗೇ ಜಗಿಯಬೇಡಿ ಎನ್ನಬೇಕಾದ ಕಷ್ಟ ಯಾರಿಗೂ ಬೇಡ.

ಬಾಯಿ ನೋಡಿ, "ಹಲ್ಲೆಲ್ಲಿ?" ಎಂದರು.

"ಹೆಂಚಿನ ಮೇಲೆ," ಎಂದೆ.

"ಯಾವ ಹೆಂಚು?"

"ನಮ್ಮ ಮನೇದೇ."

ಅವರು ಮಾಸ್ಕು ಕೆಳಗಿಳಿಸಿ ನಮ್ಮವರ ಮುಖ ನೋಡಿದರು. ನಮ್ಮವರು ಪೋಸ್ಟರು ಓದತೊಡಗಿದರು. ಬೇರು ಸಮೇತ ಬಿದ್ದ ಹಲ್ಲನ್ನು ಸುಮ್ಮನೆ ನೀರಲ್ಲಿ ಅದ್ದಿ ಅಲ್ಲೇ ಸಿಕ್ಕಿಸಿಕೊಂಡು ಬಂದರೂ ಆಗುತ್ತಿತ್ತಂತೆ. ಹೆದರಿಕೆಯಾದರೆ ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ತಕ್ಷಣ ಓಡಿ ಬಂದಿದ್ದರೆ ಅದನ್ನೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಕಟ್ಟಿ, ಹಿಡಿಯುವ ಹಾಗೆ ಮಾಡಬಹುದಿತ್ತಂತೆ.

"ಈಗ ಹೋಗಿ ತಂದ್ರೆ?" ಎಂದರು ನಮ್ಮವರು.

"ಹೊತ್ತು ಮೀರಿತು. ಬಿಸಿಲಲ್ಲಿ ಒಣಗಿರತ್ತೆ. ಸಗಣಿ ಬೇರೆ ಹಚ್ಚಿದೀರಿ ಅಂತೀರಿ. ಅದನ್ನ ಮರ್ತುಬಿಡಿ."

ಹಾಲು! ಅಡುಗೆಮನೆಯಲ್ಲಿ ಕಾಫಿಗೆ ಇಟ್ಟ ಹಾಲು ಪಾತ್ರೆ ತುಂಬ ಇತ್ತು. ಅಲ್ಲಿಂದ ಜಗಲಿಗೆ ನಾಲ್ಕು ಹೆಜ್ಜೆ. ನನಗೆ ಹೊಟ್ಟೆ ಉರಿಯಿತು. ಅತ್ತೆಯ ಮೇಲಲ್ಲ, ಯಾರ ಮೇಲೆ ಎಂದು ಗೊತ್ತಾಗದೆ ಉರಿಯಿತು. ಮೂವತ್ತು ವರ್ಷಕ್ಕೊಮ್ಮೆ ಆ ಹೆಂಗಸು ನನಗೆ ಅಕ್ಕರೆ ತೋರಿಸಿದ್ದಾರೆ, ಅದೇ ಅಕ್ಕರೆ ನನ್ನ ಹಲ್ಲು ತಿಂದಿದೆ. ಇದನ್ನು ಅವರಿಗೆ ಹೇಗೆ ಹೇಳುವುದು? ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಾಗಲೇ ನಮ್ಮವರಿಗೆ, "ಹಾಲಿನ ವಿಷಯ ನಿಮ್ಮವ್ವನ ಹತ್ರ ಬಾಯಿಬಿಡ್ಬೇಡಿ, ನನ್ನಾಣೆ," ಎಂದೆ.

"ನಾನ್ಯಾಕೆ ಹೇಳ್ಲಿ ಮಾರಾಯ್ತಿ?" ಎಂದರು.

ಬದಲಿ ಹಲ್ಲಿಗೆ ಆ ಡಾಕ್ಟರು ಹೇಳಿದ ದಾರಿ ತೆಗೆದು ಹಾಕುವ ಸೆಟ್ಟು. ಅಂಗುಳಕ್ಕೆ ಅಂಟಿ ಕೂರುವ ಗುಲಾಬಿ ಬಣ್ಣದ ಒಂದು ತಗಡು, ಅದರ ತುದಿಗೆ ಒಂದು ಹಲ್ಲು. "ಇದ್ರಲ್ಲಿ ಯಾವ ಹಲ್ಲನ್ನೂ ಕೊರೆಯೋದಿಲ್ಲ, ಮೂಳೆ ಮುಟ್ಟೋದಿಲ್ಲ. ಕಡಿಮೆ ಕೈ ಹಾಕೋದು ಅಂದ್ರೆ ಇದೇ," ಎಂದರು. ನನಗೆ ನಮ್ಮ ಚಿಕ್ಕಮಾವ ನೆನಪಾದರು. ಅವರ ಹತ್ತಿರ ಅಂಥದ್ದೇ ಸೆಟ್ಟಿದೆ. ಮದುವೆ ಮನೆಯಲ್ಲಿ ಅದನ್ನು ಹಾಕಿಕೊಂಡು ಎಲ್ಲರಿಗೂ ನಗು ಹಂಚುತ್ತಾರೆ. ಪಂಕ್ತಿಯಲ್ಲಿ ಎಲೆ ಹಾಕಿದ ಕೂಡಲೇ ತೆಗೆದು ಜೇಬಿಗೆ ಹಾಕುತ್ತಾರೆ, ಯಾಕೆಂದರೆ ಅದಿದ್ದರೆ ಊಟ ಸೇರುವುದಿಲ್ಲ. ಊಟಕ್ಕೆ ಬೇಡದ, ಫೋಟೋಕ್ಕೆ ಮಾತ್ರ ಬೇಕಾದ ಹಲ್ಲು! ನಾನು ಯೋಚನೆ ಮಾಡ್ತೀನಿ ಡಾಕ್ಟ್ರೇ ಎಂದು ಎದ್ದು ಬಂದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತಿನ ನಿಜವಾದ ಅರ್ಥ ನನಗೆ ಆಮೇಲಿನ ವಾರಗಳಲ್ಲಿ ತಿಳಿಯಿತು. ಬ್ಲೌಸಿನ ಅಳತೆ ಕೊಡಲು ಬಂದ ಪ್ರತಿಯೊಬ್ಬಳೂ ನನ್ನ ಮುಖ ನೋಡಿ ಕಡಲೆಯ ಗಾದೆ ಹೇಳಿದಳು. ಹೇಳುವಾಗ ಮೂವತ್ತೆರಡೂ ಹಲ್ಲು ತೋರಿಸಿದಳು. ನಾನು ನಗುವ ಹೆಂಗಸು. ಗಿರಾಕಿಗಳು ಅರ್ಧ ಬರುವುದು ಹೊಲಿಗೆಗೆ, ಅರ್ಧ ನನ್ನ ನಗುವಿಗೆ ಎಂದು ನಮ್ಮವರೇ ಹೇಳುತ್ತಿದ್ದರು. ಈಗ ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು, ನಗು ಆ ಕೈಯ ಹಿಂದೆ ನಿಂತು ಸಾಯುತ್ತಿತ್ತು. ಕೆಲಸದ ಕಥೆ ಇನ್ನೂ ಚೆಂದ. ಕೊರಳಲ್ಲಿ ಕತ್ತರಿ ನೇತಾಡುತ್ತಿದ್ದರೂ ಟೈಲರುಗಳು ದಾರ ತುಂಡರಿಸುವುದು ಹಲ್ಲಿನಿಂದಲೇ. ನಾನು ದಾರ ಬಾಯಿಗಿಟ್ಟು ಕಚ್ಚಿದರೆ ಅದು ಸಂದಿನಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಗುಂಡುಪಿನ್ನು ಕಚ್ಚಿಕೊಳ್ಳಲು ಹೋಗಿ ಒಂದು ಸಲ ನಾಲಿಗೆಗೆ ಚುಚ್ಚಿಕೊಂಡೆ. ಅತ್ತೆ ಮಣೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು, ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಅವರಿಗೆ ಆ ದಿನಗಳಲ್ಲಿ ಮಂಗನ ಕಾಟ ಹೆಚ್ಚಾಗಿತ್ತು. ಹೆಂಚಿನ ಮನೆಗೆ ಮಂಗ ಶತ್ರು. ಊರಲ್ಲಿ ಅರ್ಧ ಜನ ಹೆಂಚು ತೆಗೆದು ಶೀಟು ಹಾಕಿಸಿದ್ದೇ ಮಂಗಗಳಿಗೆ ಹೆದರಿ. ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಅಡ್ಡಾದಾಗ ಅತ್ತೆ ಹಿತ್ತಿಲಿಗೆ ಹೋಗುತ್ತಿದ್ದರು. ಮಾಡಿನ ಮೇಲೆ ಟಕ್ ಎನ್ನುತ್ತಿತ್ತು, ಏನೋ ಉರುಳುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

"ಎಂತ ಅತ್ತೆ ಅದು?" ಎಂದು ಕೂಗಿದರೆ, "ಮಂಗ ಕಣೆ, ನೀ ಮಲ್ಕ," ಎನ್ನುತ್ತಿದ್ದರು. ನನಗೆ ಒಂದು ಮಂಗವೂ ಕಾಣಿಸಲಿಲ್ಲ. ಅವರ ಕಲ್ಲಿನ ಏಟಿಗೆ ಹೆದರಿ ಓಡಿರಬೇಕು ಎಂದುಕೊಂಡೆ.

ಒಸಡು ಮಾಯ್ದ ಮೇಲೆ ಸಾಗರಕ್ಕೆ ಹೋದೆವು. ಅಲ್ಲಿನ ದೊಡ್ಡ ಕ್ಲಿನಿಕ್ಕಿಗೆ ಗಾಜಿನ ಬಾಗಿಲು, ಒಳಗೆ ಏಸಿ, ಗೋಡೆಯಲ್ಲಿ ಟೀವಿ. ಟೀವಿಯಲ್ಲಿ ಒಬ್ಬಾಕೆ ಸೇಬು ಕಚ್ಚುತ್ತಲೇ ಇದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ನಮ್ಮವರು ತಮ್ಮ ಅಂಗಿಯ ಗುಂಡಿ ಸರಿಮಾಡಿಕೊಂಡರು. ಡಾಕ್ಟರು ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಕೈಯಲ್ಲಿ ಹಿಡಿದು, ಅದರೊಳಗೆ ಒಂದು ತಿರುಪು ಇಳಿಸಿ ತೋರಿಸಿದರು.

"ಇಂಪ್ಲಾಂಟು. ಮೂಳೆ ಒಳಗೇ ಕೂರತ್ತೆ. ಹೊಸನಗರದಲ್ಲಿ ಏನ್ ಹೇಳಿದ್ರು? ಸೆಟ್ಟಾ?" ಎಂದು ನಕ್ಕರು. "ಕೆಲವರು ಬ್ರಿಜ್ ಅಂತಾರೆ. ಒಂದು ಹಲ್ಲಿಗೋಸ್ಕರ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲು ತರಿಬೇಕು. ಮುಟ್ಬೇಡಿ. ಇದ್ರಲ್ಲಿ ಪಕ್ಕದ ಹಲ್ಲಿಗೆ ಒಂದು ಗೀರೂ ಬೀಳಲ್ಲ. ಕಡಿಮೆ ಕೈ ಹಾಕೋದು ಅಂದ್ರೆ ಇದೇ ಮೇಡಂ."

ನಾನು ನಮ್ಮವರ ಮುಖ ನೋಡಿದೆ. ಹೊಸನಗರದ ಡಾಕ್ಟರು ಹೇಳಿದ ಅದೇ ಮಾತು, ಅದೇ ಗಾಂಭೀರ್ಯ. ನಮ್ಮ ಕಸುಬಿನಲ್ಲೂ ಇದು ಇದೆ. ಬಿಗಿಯಾದ ಬ್ಲೌಸು ಹಿಡಿದು ಬಂದವರಿಗೆ ಪ್ರತಿ ಟೈಲರೂ "ಜಾಸ್ತಿ ಬಿಚ್ಚಲ್ಲ ಅಕ್ಕ, ಸ್ವಲ್ಪವೇ" ಎನ್ನುತ್ತಾಳೆ. ಒಬ್ಬಳ ಸ್ವಲ್ಪ ಬಗಲಿನ ಹೊಲಿಗೆ, ಇನ್ನೊಬ್ಬಳ ಸ್ವಲ್ಪದಲ್ಲಿ ತೋಳು ಎರಡೂ ಕಳಚಿ ಮೇಜಿನ ಮೇಲಿರುತ್ತವೆ. ಬಾಯೊಳಗೆ ಬೋರ್‌ವೆಲ್ ಕೊರೆದರೂ ಅದು ಕಡಿಮೆ ಕೈ ಹಾಕಿದ್ದೇ ಎಂದಾದರೆ, ಹೆಚ್ಚು ಕೈ ಹಾಕುವುದು ಎಂದರೆ ಏನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಕೇಳಿದರೆ ಬಾಯಿ ಬಿಡಬೇಕಲ್ಲ. ತಿಂಗಳುಗಟ್ಟಲೆ ಮೂಳೆ ಕೂಡುವವರೆಗೆ ಕಾಯಬೇಕು ಎಂದರು. ಕೊನೆಗೆ ಖರ್ಚು ಹೇಳಿದರು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅಷ್ಟು. ಆ ಡಾಕ್ಟರು ಹೇಳಿದ್ದು ಸುಳ್ಳೇನಲ್ಲ ಎಂದು ಆಮೇಲೆ ತಿಳಿಯಿತು, ಕೆಲವರಿಗೆ ಅದೇ ಸರಿಯಂತೆ. ಆದರೆ ಆವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರು ಒಂದೇ ಮಾತು ಆಡಿದ್ದು.

"ಶಟರ್ರಿಗೆ ಎಣ್ಣೆ ಬಿಟ್ಟಿದ್ರೆ ಆಗ್ತಿತ್ತು."

ತೀರ್ಥಹಳ್ಳಿಯ ಡಾಕ್ಟರಮ್ಮನ ವಿಷಯ ಹೇಳಿದ್ದು ಒಬ್ಬ ಗಿರಾಕಿ. ಮೆಡಿಕಲ್ ಶಾಪಿನ ಮೇಲೆ ಒಂದು ಹಳೆಯ ಮಹಡಿ, ಮರದ ಬೆಂಚು, ಟೀವಿ ಇಲ್ಲ. ಡಾಕ್ಟರಮ್ಮ ನನ್ನ ವಯಸ್ಸಿನವರೇ. ಬಾಯಿ ನೋಡಿದ ತಕ್ಷಣ, "ನೀವು ಟೈಲರಾ?" ಎಂದರು. ಉಳಿದ ಮುಂದಿನ ಹಲ್ಲಿನ ತುದಿಯಲ್ಲಿ ದಾರ ಕಚ್ಚಿ ಕಚ್ಚಿ ಒಂದು ಸಣ್ಣ ಕಚ್ಚು ಬಿದ್ದಿದೆಯಂತೆ, ಹೊಲಿಗೆಯವರ ಬಾಯಲ್ಲಿ ಅದು ಸಾಮಾನ್ಯವಂತೆ. ಆಮೇಲೆ ಉಳಿದಿಬ್ಬರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಹಲ್ಲು ನಿಮಗೆ ಯಾಕೆ ಬೇಕು? ಹಾಗೇ ಬಿಟ್ರೂ ಏನೂ ಆಗಲ್ಲ. ಊಟಕ್ಕೆ ತೊಂದರೆ ಇಲ್ಲ."

"ನಗಕ್ಕೆ," ಎಂದೆ. ಅಂದದ್ದೇ ಕಣ್ಣಲ್ಲಿ ನೀರು ಬಂತು. ಇಡೀ ಊರಿನ ಗಾದೆ ತಡೆದುಕೊಂಡವಳಿಗೆ ಅಲ್ಲಿ ಯಾಕೆ ಅಳು ಬಂತೋ.

ಅವರು ನಿಧಾನವಾಗಿ ವಿವರಿಸಿದರು. ಪಕ್ಕದ ಹಲ್ಲುಗಳು ಗಟ್ಟಿ ಇವೆ, ಅವನ್ನು ತರಿಯಲು ಅವರಿಗೆ ಮನಸ್ಸಿಲ್ಲ. ನನಗೆ ಈಗಲೇ ತಿರುಪು ಬೇಕು ಅಂತಲೂ ಇಲ್ಲ. ಒಂದು ಹಲ್ಲನ್ನು ಹಿಂಬದಿಯಿಂದ ಪಕ್ಕದ ಹಲ್ಲುಗಳಿಗೆ ಅಂಟಿಸಿ ನಿಲ್ಲಿಸಬಹುದು. ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ, ಬೇಡವಾದರೆ ನಾಳೆ ತೆಗೆಯಬಹುದು, ಇಂಪ್ಲಾಂಟಿನ ದಾರಿಯೂ ತೆರೆದೇ ಇರುತ್ತದೆ. "ಡಾಕ್ಟರುಗಳು ಹತ್ತು ಜನ ಸೇರಿದರೆ ಹತ್ತು ಮಾತು. ನನ್ನದು ಇಷ್ಟೇ, ಬಾಯಲ್ಲಿ ಚೆನ್ನಾಗಿರೋದನ್ನ ಮುಟ್ಟಬಾರದು," ಎಂದರು. ಆಮೇಲೆ, "ಅಂಟಿಸೋ ಹಲ್ಲು ಲ್ಯಾಬಲ್ಲಿ ಮಾಡಿಸಬಹುದು. ಆದ್ರೆ ಬಿದ್ದ ಹಲ್ಲು ಮುರಿದಿರ್ಲಿಲ್ಲ ಅಂದ್ರಲ್ಲ, ಅದಿದ್ರೆ ತನ್ನಿ. ಬೇರು ಕತ್ತರಿಸಿ ಅದನ್ನೇ ಅಂಟಿಸ್ತೀನಿ. ಅದರಷ್ಟು ಚೆನ್ನಾಗಿ ನಿಮಗೆ ಯಾವುದೂ ಒಪ್ಪಲ್ಲ. ಎಷ್ಟು ದಿನ ಆಗಿದ್ರೂ ಅಡ್ಡಿಲ್ಲ," ಎಂದರು.

ಹಲ್ಲು ಹೆಂಚಿನ ಮೇಲಿದೆ ಎಂದು ಹೇಳಲು ಈ ಸಲ ನನಗೆ ಧೈರ್ಯ ಬರಲಿಲ್ಲ.

ನಿಮಗೆ ಕೇಳಲು ಇದು ಸುಲಭ, ಹತ್ತಿ ತರುವುದು. ನಮ್ಮ ಮನೆಯಲ್ಲಿ ಸುಲಭವಲ್ಲ. ಮಾಡಿನ ಮೇಲೆ ಕೊಟ್ಟದ್ದು ಕೊಟ್ಟ ಹಾಗೆ, ವಾಪಸು ತೆಗೆದರೆ ಬರುವ ಹಲ್ಲೂ ಬರುವುದಿಲ್ಲ ಎನ್ನುತ್ತಾರೆ. ಅದಿರಲಿ, ಯಾಕೆ ಹುಡುಕುತ್ತೀರಿ ಎಂದು ಅತ್ತೆ ಕೇಳಿಯೇ ಕೇಳುತ್ತಾರೆ. ಒಂದು ಮಾತು ಇನ್ನೊಂದಕ್ಕೆ ಹೋಗಿ ಹಾಲಿನವರೆಗೆ ಬರುತ್ತದೆ. ನನಗೆ ನನ್ನ ಹಲ್ಲು ಬೇಕಿತ್ತು, ಅತ್ತೆಯ ಮನಸ್ಸು ನೋಯುವುದು ಬೇಡವಾಗಿತ್ತು. ಎರಡೂ ಒಂದೇ ಹೆಂಚಿನ ಮೇಲೆ ಕೂತಿದ್ದವು.

ಉಪಾಯ ಮಳೆಗಾಲ ಕೊಟ್ಟಿತು. ಮಳೆ ಹಿಡಿಯುವ ಮೊದಲು ಹೆಂಚು ಸರಿಮಾಡಿಸುವುದು ಪ್ರತಿ ವರ್ಷದ ಕೆಲಸ. ನಮ್ಮವರು ಪ್ರತಿ ವರ್ಷ ಅದನ್ನು ಆಳಿನ ಕೈಲಿ ಮಾಡಿಸುವವರು, ಈ ವರ್ಷ ತಾವೇ ಏಣಿ ಹಾಕಿ ಹತ್ತಿದರು. ಅವರು ಮಾಡು ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಕಪ್ಪೆಯಂತೆ ಅಂಗಾತ ಬೀಳುವ ಹೆದರಿಕೆಯಲ್ಲಿ ಬೋರಲು ಮಲಗಿ ತೆವಳುತ್ತಿದ್ದರು. ನಾನು ಕೆಳಗಿನಿಂದ ಕಣ್ಣಲ್ಲೇ ಆ ಕಡೆ, ಈ ಕಡೆ ಎಂದು ತೋರಿಸುತ್ತಿದ್ದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು.

"ಎಂತ ಹುಡುಕ್ತಿದಾನೆ ಅವ?"

"ಒಡೆದ ಹೆಂಚು, ಅತ್ತೆ."

"ಒಡೆದ ಹೆಂಚು ಕಾಣಕ್ಕೆ ಮೂಗು ತಾಗಿಸ್ಬೇಕಾ?"

ಮೇಲಿನಿಂದ ಮೂರು ಪ್ಲಾಸ್ಟಿಕ್ ಚೆಂಡು, ಒಂದು ಗಾಳಿಪಟದ ಕಡ್ಡಿ, ಒಂದು ಮೊಂಡು ಚಮಚ ಕೆಳಗೆ ಬಿದ್ದವು. ಹಲ್ಲು ಬೀಳಲಿಲ್ಲ. ಗಂಟೆ ಕಳೆದ ಮೇಲೆ ನಮ್ಮವರು ನಾಲ್ಕು ಒಳ್ಳೆಯ ಹೆಂಚು ಒಡೆದು, ಮೊಣಕೈ ತರಚಿಕೊಂಡು ಇಳಿದರು. ನನ್ನ ಕಿವಿಯ ಹತ್ತಿರ ಬಂದು, "ಇಲ್ಲ ಕಣೆ, ಎಲ್ಲೂ ಇಲ್ಲ. ಕಾಗೆ ತಗೊಂಡು ಹೋಗಿರ್ಬೇಕು," ಎಂದರು. ಅರ್ಜಿ ಸ್ವೀಕಾರವಾಗಿ, ಹೊಸ ಹಲ್ಲು ಮಾತ್ರ ಮಂಜೂರಾಗದ ಸ್ಥಿತಿ! ನಾನು ಏಣಿಯ ಬುಡದಲ್ಲಿ ಕೂತುಬಿಟ್ಟೆ. ಅಷ್ಟು ದಿನ ಹೇಗೋ ಇದ್ದವಳಿಗೆ, ಸಿಗಬಹುದು ಎಂಬ ಆಸೆ ಹುಟ್ಟಿ ಸತ್ತ ಮೇಲೆ ತಡೆಯಲಾಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದೇ ಅಳತೊಡಗಿದೆ.

ಅತ್ತೆ ನನ್ನ ಎದುರಿಗೆ ಬಂದು ನಿಂತರು. ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದರು. ಎಲೆ, ಸುಣ್ಣದ ಡಬ್ಬಿ, ಅಡಿಕೆ ಹೋಳು ಎಲ್ಲ ಒಂದೊಂದಾಗಿ ಹೊರಗಿಟ್ಟು, ತಳದಿಂದ ಒಂದು ಬಟ್ಟೆಯ ಗಂಟು ಬಿಚ್ಚಿದರು.

"ಇದಾ?" ಎಂದರು.

ನನ್ನ ಹಲ್ಲು. ಸ್ವಲ್ಪ ಕೆಂಪಗೆ, ಬೇರು ಸಮೇತ. ಅಡಿಕೆ ಹೋಳಿನ ಜೊತೆ ಅಷ್ಟು ದಿನ ಸಂಸಾರ ಮಾಡಿತ್ತು. ಕಣ್ಣು ಮಂಜಾದ ಅತ್ತೆ ಒಂದು ದಿನ ಗಂಟು ಸಡಿಲವಾಗಿ ಅಡಿಕೆಯೆಂದೇ ಅದನ್ನು ಬಾಯಿಗೆ ಹಾಕಿಕೊಂಡಿದ್ದರೆ!

"ಅವತ್ತು ಎಸೆದೆ ಅಂದ್ರಲ್ಲ?"

"ಎಸೆದೆ. ಮೇಲೆ ನಿಲ್ಲಲಿಲ್ಲ. ಅಂಚಿಗೆ ಬಡಿದು ಕೆಳಗೆ ಬಂತು." ಅವರು ತಮ್ಮ ಬಲಗೈಯನ್ನು ಎತ್ತಿ ತೋರಿಸಿದರು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. "ಇದು ಇಷ್ಟೇ ಏಳೋದು ಈಗ. ದಿನಾ ಎಸೆದೆ. ದಿನಾ ಉರುಳಿ ಬಂತು."

ನನಗೆ ಮಧ್ಯಾಹ್ನಗಳ ಟಕ್ ಟಕ್ ನೆನಪಾಯಿತು. ಎಂಬತ್ತು ದಾಟಿದ ಆ ಜೀವ ಬಿಸಿಲಲ್ಲಿ ನಿಂತು ಎಸೆಯುವುದು, ಅದು ಉರುಳಿ ಬರುವುದು, ಬಗ್ಗಿ ಹುಲ್ಲಿನಲ್ಲಿ ತಡಕಿ ಎತ್ತುವುದು, ಮತ್ತೆ ಎಸೆಯುವುದು. ಅದಕ್ಕೆ ಮಂಗನ ಹೆಸರು.

"ಅತ್ತೆ, ಈ ವಯಸ್ಸಿಗೆ ಹೊಸ ಹಲ್ಲು ಬರತ್ತಾ?"

"ಬರಲ್ಲ ಅಂತ ನಂಗೆ ಗೊತ್ತಿಲ್ವನೆ? ನೀನೆಂತ ಎಳೆಗರುವಾ?" ಎಂದು ರೇಗಿದರು. ಆಮೇಲೆ ಸಂಚಿಗೆ ಎಲೆ ತುಂಬುತ್ತ, ನನ್ನ ಕಡೆ ನೋಡದೆ, "ನೀ ಬಾಯಿ ಮುಚ್ಕೊಂಡು ಓಡಾಡೋದು ನೋಡಕ್ಕಾಗ್ತಿರ್ಲಿಲ್ಲ. ಎಂತಾದ್ರೂ ಒಂದು ಮಾಡ್ಬೇಕಲ್ಲ," ಎಂದರು.

ಮುಂದಿನ ವಾರ ತೀರ್ಥಹಳ್ಳಿಗೆ ನನ್ನ ಜೊತೆ ಹೊರಟದ್ದು ಅತ್ತೆಯೇ. ಹಲ್ಲು ಅವರ ಸಂಚಿಯಲ್ಲೇ ಪ್ರಯಾಣ ಮಾಡಿತು, ನನ್ನ ಕೈಗೆ ಕೊಡಲಿಲ್ಲ. ಡಾಕ್ಟರಮ್ಮ ಅದನ್ನು ತೊಳೆದು, ತಿಕ್ಕಿ, ಬೇರು ಕತ್ತರಿಸಿ, ತಿರುಗಿಸಿ ನೋಡಿ, "ಎಲ್ಲಿಟ್ಟಿದ್ರಿ ಇದನ್ನ?" ಎಂದರು. ಅತ್ತೆ ಸಂಚಿ ತೋರಿಸಿದರು. ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲೂ ಅದೇ ಅಡಿಕೆಯ ಪೋಸ್ಟರ್ ಇತ್ತು. ಅವರು ಒಮ್ಮೆ ಪೋಸ್ಟರು ನೋಡಿ, ಒಮ್ಮೆ ಸಂಚಿ ನೋಡಿ ಕೆಲಸಕ್ಕೆ ಕೂತರು.

ನನ್ನ ಬಾಯಿ ತುಂಬ ಹತ್ತಿ, ತುಟಿ ಹಿಗ್ಗಿಸಲು ಒಂದು ಪ್ಲಾಸ್ಟಿಕ್ಕಿನ ಬಳೆ. ಅತ್ತೆ ಕಾಲ ಬಳಿಯ ಸ್ಟೂಲಿನಲ್ಲಿ ಕೂತಿದ್ದರು. ಇದ್ದಕ್ಕಿದ್ದಂತೆ ಕೇಳಿದರು.

"ಡಾಕ್ಟ್ರಮ್ಮ, ಬಿದ್ದ ದಿನವೇ ತಂದಿದ್ರೆ ಬೇರು ಸಮೇತ ಕೂರಿಸ್ಬಹುದಿತ್ತಾ?"

ಮಾತಾಡೋಣವೆಂದರೆ ಬಾಯಿ ನನ್ನದಾಗಿರಲಿಲ್ಲ. ಇದ್ದ ಎರಡು ಕಣ್ಣನ್ನೇ ಅಗಲಿಸಿ, ಗುಡ್ಡೆ ತಿರುಗಿಸಿ, ಬೇಡ ಬೇಡ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ದೀಪ ಸರಿಮಾಡುತ್ತ, "ಅದು ಹೇಳಕ್ಕಾಗಲ್ಲಮ್ಮ. ಕೂತ್ರೂ ಕೂರಬಹುದು, ಇಲ್ದಿದ್ರೆ ಇಲ್ಲ. ಇಷ್ಟು ಜೋಪಾನ ಮಾಡಿದ್ರಲ್ಲ, ಅದೇ ದೊಡ್ಡದು. ನನ್ನ ಹಾಲು ಹಲ್ಲೆಲ್ಲ ಇನ್ನೂ ನಮ್ಮಮ್ಮನ ಮನೆ ಹೆಂಚಿನ ಮೇಲೇ ಇದ್ದಾವೆ," ಎಂದರು.

ಅತ್ತೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೆಲಸ ಮುಗಿದಾಗ ಕನ್ನಡಿ ಕೊಟ್ಟರು. ನನ್ನ ಹಲ್ಲು ನನ್ನ ಬಾಯಲ್ಲೇ ಇತ್ತು. ಬುಡದಲ್ಲಿ ಎಲೆಯಡಿಕೆಯ ಒಂದು ಸಣ್ಣ ಛಾಯೆ, ಎಷ್ಟು ತಿಕ್ಕಿದರೂ ಹೋಗದ್ದು. ನಾನು ಜನ್ಮದಲ್ಲಿ ಎಲೆ ಹಾಕಿದವಳಲ್ಲ. ಇದರಲ್ಲಿ ದಾರ ಕಚ್ಚಬಾರದು, ಪಿನ್ನು ಹಿಡಿಯಬಾರದು, ಕತ್ತರಿ ಇರೋದು ಯಾಕೆ ಎಂದು ಡಾಕ್ಟರಮ್ಮ ಬೈದರು. ಕೆಲವು ವರ್ಷ ಬರುತ್ತದೆ, ಬಿಟ್ಟರೆ ಮತ್ತೆ ಅಂಟಿಸೋಣ ಎಂದರು.

ಕೋಣಂದೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಕಂಡಕ್ಟರು ಚಿಲ್ಲರೆ ಕೊಟ್ಟು ಹೋದ ಮೇಲೆ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ನೀ ಡಾಕ್ಟ್ರಮ್ಮನಿಗೆ ಕಣ್ಣು ಮಾಡಿದ್ದು ನಂಗೆ ಕಾಣ್ತು."

"ಎಂತ ಅತ್ತೆ, ದೀಪ ಕಣ್ಣಿಗೆ ಹೊಡೀತಿತ್ತು..."

"ಹಾಲಲ್ಲಿ ಹಾಕ್ಬೇಕಿತ್ತಂತೆ. ನಿನ್ನ ಗಂಡ ಅವತ್ತು ರಾತ್ರಿ ಊಟಕ್ಕೆ ಕೂತಾಗ್ಲೇ ಹೇಳಿದ್ದ. ನಂಗೆ ಗೊತ್ತಾಗಿದ್ದು ನಿಂಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದೆ."

ನಮ್ಮವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಮೂವತ್ತು ವರ್ಷದಿಂದ ಗೊತ್ತಿದ್ದೂ ನಂಬಿದ್ದೆ. ಇಬ್ಬರ ಆಣೆಯನ್ನೂ ಹೊತ್ತುಕೊಂಡು ಆ ಮನುಷ್ಯ ಹಾಯಾಗಿ ಓಡಾಡಿಕೊಂಡಿದ್ದರು. ಎಲ್ಲ ಗೊತ್ತಿದ್ದೇ ಈ ಹೆಂಗಸು ದಿನಾ ಹಿತ್ತಿಲಲ್ಲಿ ನಿಂತು ಎಸೆದಿದ್ದಾರೆ.

"ಮುಂದಿನ ಸಲ ಬಿದ್ರೆ ಹಾಲಲ್ಲೇ ಹಾಕು," ಎಂದರು ಅತ್ತೆ. "ಅಷ್ಟೊತ್ತಿಗೆ ಎಸೆಯಕ್ಕೆ ನಾನಿರಲ್ಲ."

ನನಗೆ ನಗು ಬಂತೋ ಅಳು ಬಂತೋ, ಅಭ್ಯಾಸ ಬಲದಿಂದ ಕೈ ಬಾಯಿಗೆ ಹೋಯಿತು. ಅತ್ತೆ ಆ ಕೈಯನ್ನು ಹಿಡಿದು ಕೆಳಗಿಳಿಸಿ, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕೋಣಂದೂರು ದಾಟಿದ ಮೇಲೂ ಬಿಡಲಿಲ್ಲ.